ನನಗೇ ಫ್ರೆಂಚ್ ಬರುವುದಿಲ್ಲ, ಮಗಳಿಗೆ ಹೇಗೆ ಹೇಳಿಕೊಡಲಿ?

ಪ್ರಶ್ನೆ: ಮೇಡಂ, ನಮಸ್ಕಾರ. ನನ್ನ ಮಗಳಿಗೆ 8 ವರ್ಷ. ಈ ವರ್ಷದಿಂದ ಶಾಲೆಯಲ್ಲಿ ಫ್ರೆಂಚ್ ಶುರುವಾಗಿದೆ, ವಾರಕ್ಕೆ ಎರಡೇ ಪೀರಿಯಡ್. ನೋಟ್‌ಬುಕ್ ತುಂಬ ಪದಗಳಿವೆ, ಆದರೆ ಬಾಯಿ ಬಿಟ್ಟು ಒಂದು ಮಾತೂ ಆಡುವುದಿಲ್ಲ. ನನಗಾಗಲಿ ನಮ್ಮ ಯಜಮಾನರಿಗಾಗಲಿ ಫ್ರೆಂಚ್‌ನ ಗಂಧಗಾಳಿ ಇಲ್ಲ. ನಾನು ಮೊದಲು ಕಲಿತು ಆಮೇಲೆ ಅವಳಿಗೆ ಹೇಳಿಕೊಡಬೇಕಾ? ಟ್ಯೂಷನ್‌ಗೆ ಹಾಕಿಬಿಡಲಾ? ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಈಗ ಇದೂ ಸೇರಿದರೆ ಮಗುವಿನ ತಲೆ ಕಲಸಿಹೋಗುವುದಿಲ್ಲವಾ?

ಉತ್ತರ: ನಿಮಗೆ ಫ್ರೆಂಚ್ ಬರುವುದಿಲ್ಲ ಎಂಬುದನ್ನು ದೊಡ್ಡ ಕೊರತೆ ಎನ್ನುವ ಹಾಗೆ ಬರೆದಿದ್ದೀರಿ. ನನಗೆ ಹಾಗೆ ಕಾಣುವುದಿಲ್ಲ. ಚಿಕ್ಕ ಮಕ್ಕಳಿಗೆ ಪಾಠ ಮಾಡುತ್ತಾ ನಾನು ನೋಡಿದ್ದು ಬೇರೆಯೇ. ಅರ್ಧಂಬರ್ಧ ಫ್ರೆಂಚ್ ಬರುವ ಅಪ್ಪ ಅಮ್ಮ ಇದ್ದಾರಲ್ಲ, ಅವರ ಮಕ್ಕಳೇ ಜಾಸ್ತಿ ಬಾಯಿ ಮುಚ್ಚಿಕೊಳ್ಳುವುದು. ಮಗು ಒಂದು ಮಾತು ಹೇಳುವ ಮೊದಲೇ ಅವರು ತಿದ್ದಲು ಕೂತುಬಿಡುತ್ತಾರೆ. ನಿಮಗೆ ಆ ಅಪಾಯವೇ ಇಲ್ಲ.

ನೀವು ಮೇಷ್ಟ್ರಾಗಬೇಡಿ. ಅವಳ ವಿದ್ಯಾರ್ಥಿಯಾಗಿ. ಶಾಲೆಯಿಂದ ಬಂದವಳನ್ನು ‘ಇವತ್ತು ಏನು ಕಲಿತೆ?’ ಎಂದು ಕೇಳಬೇಡಿ, ‘ಏನಿಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದರ ಬದಲು ‘ನಂಗೂ ಒಂದು ಪದ ಹೇಳಿಕೊಡು’ ಎನ್ನಿ. ಅವಳು ಹೇಳುತ್ತಾಳೆ. ನೀವು ತಪ್ಪು ಹೇಳುತ್ತೀರಿ. ಅವಳು ಬಿದ್ದು ಬಿದ್ದು ನಗುತ್ತಾಳೆ, ಇನ್ನೊಮ್ಮೆ ಹೇಳುತ್ತಾಳೆ. ಅಷ್ಟರಲ್ಲಿ ಆ ಪದ ಅವಳ ಬಾಯಲ್ಲಿ ಐದಾರು ಸಲ ಓಡಾಡಿರುತ್ತದೆ. ನೋಟ್‌ಬುಕ್‌ನಲ್ಲಿ ಹತ್ತು ಸಲ ಬರೆಸಿದರೂ ಸಿಗದ ಲಾಭ ಅದು.

ನಾನೇ ಮೊದಮೊದಲು ಒಂದು ದೊಡ್ಡ ತಪ್ಪು ಮಾಡಿದ್ದೆ. ನನ್ನ ಮೊದಲ ತಂಡದ ಮಕ್ಕಳಿಗೆ ಅಕ್ಷರ, ಸ್ಪೆಲಿಂಗ್, ಪದಗಳ ಪಟ್ಟಿ, ಹೀಗೆ ಶುರು ಮಾಡಿದೆ. ಮೂರು ತಿಂಗಳಾದ ಮೇಲೆ ಒಬ್ಬ ಹುಡುಗ ಒಂದೂ ತಪ್ಪಿಲ್ಲದೆ ಪಟ್ಟಿ ಬರೆದುಕೊಟ್ಟ. ‘ನಿನ್ನ ಹೆಸರೇನು?’ ಎಂದು ಫ್ರೆಂಚ್‌ನಲ್ಲಿ ಕೇಳಿದರೆ ಗೋಡೆ ನೋಡುತ್ತಾ ನಿಂತ. ಪ್ರಶ್ನೆಯೇ ಅವನ ಕಿವಿಗೆ ಹೊಕ್ಕಿರಲಿಲ್ಲ. ಅವನು ಓದಿ ಕಲಿತಿದ್ದ ಪದಕ್ಕೂ ನನ್ನ ಬಾಯಿಂದ ಬಂದ ಪದಕ್ಕೂ ಸಂಬಂಧವೇ ಇರಲಿಲ್ಲ.

ಫ್ರೆಂಚ್‌ನಲ್ಲಿ ಈ ತೊಂದರೆ ಸ್ವಲ್ಪ ಜಾಸ್ತಿಯೇ. ಕನ್ನಡದಲ್ಲಿ ಬರೆದದ್ದನ್ನು ಹೆಚ್ಚುಕಡಿಮೆ ಹಾಗೇ ಓದುತ್ತೇವೆ. ಫ್ರೆಂಚ್‌ನಲ್ಲಿ ಕೊನೆಯ ವ್ಯಂಜನ ಬಹುಪಾಲು ಮೌನ. ಹಕ್ಕಿಗೆ ಅವರು ‘ವಾಜ಼ೋ’ ಎನ್ನುತ್ತಾರೆ. ಬರೆಯುವುದು ಓ, ಐ, ಎಸ್, ಇ, ಎ, ಯು ಎಂಬ ಆರು ಅಕ್ಷರ. ಅದರೊಳಗೆ ಐದು ಸ್ವರಾಕ್ಷರಗಳೂ ಇವೆ, ಒಂದಾದರೂ ತನ್ನ ಹೆಸರಿನಂತೆ ಕೇಳಿಸುವುದಿಲ್ಲ! ಓ-ಐ ಸೇರಿದರೆ ‘ವಾ’. ಇ-ಎ-ಯು ಸೇರಿದರೆ ‘ಓ’. ನಡುವಿನ ಎಸ್ ಎರಡು ಸ್ವರಗಳ ಮಧ್ಯೆ ಸಿಕ್ಕಿಕೊಂಡು ಜ಼ ಆಗಿದೆ. ಮೊದಲು ಕಣ್ಣಿಂದ ಕಲಿತ ಮಗು ಇದನ್ನು ಇಂಗ್ಲಿಷ್ ಥರ ಓದುತ್ತದೆ. ಮೊದಲು ಕಿವಿಯಿಂದ ಕಲಿತ ಮಗುವಿಗೆ ಇದೊಂದು ತಮಾಷೆಯ ಒಗಟು. ಆದ್ದರಿಂದ ಮನೆಯಲ್ಲಿ ನೀವು ಪಾಲಿಸಬೇಕಾದ ಕ್ರಮ ಇಷ್ಟೇ: ಮೊದಲು ಕೇಳಬೇಕು, ಆಮೇಲೆ ಹೇಳಬೇಕು, ಆಮೇಲೆ ಓದಬೇಕು, ಕೊನೆಗೆ ಬರೆಯಬೇಕು. ಶಾಲೆಯಲ್ಲಿ ತಲೆಕೆಳಗಾಗಿ ನಡೆಯುತ್ತಿದ್ದರೂ ಮನೆಯಲ್ಲಿ ಹೀಗಿರಲಿ.

ಇನ್ನೊಂದು ಮಾತು. ನಾನು ಇಲ್ಲಿ ಫ್ರೆಂಚ್ ಪದಗಳನ್ನು ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಅದು ನಿಮಗೊಂದು ಅಂದಾಜು ಸಿಗಲಿ ಎಂದು ಮಾತ್ರ. ಮಗಳ ಪುಸ್ತಕದಲ್ಲಿ ಪದದ ಪಕ್ಕ ಹೀಗೆ ಬರೆದುಕೊಡಬೇಡಿ. ಒಮ್ಮೆ ಬರೆದರೆ ಅವಳು ಆಮೇಲೆ ಫ್ರೆಂಚ್ ಅಕ್ಷರ ನೋಡುವುದೇ ಇಲ್ಲ, ಕನ್ನಡ ಓದಿಕೊಂಡು ಹೋಗುತ್ತಾಳೆ. ನಮ್ಮ ಲಿಪಿಯಲ್ಲಿಲ್ಲದ ಧ್ವನಿಗಳು ಕೈಬಿಟ್ಟು ಹೋಗುತ್ತವೆ. ಉಚ್ಚಾರಣೆ ಬೇಕಾದರೆ ಕೇಳಿಸಿ. ಫೋರ್ವೋ ಎಂಬ ಜಾಲತಾಣದಲ್ಲಿ ಆ ಭಾಷೆ ಮಾತಾಡುವವರೇ ಒಂದೊಂದು ಪದವನ್ನೂ ಹೇಳಿ ಧ್ವನಿಮುದ್ರಣ ಹಾಕಿರುತ್ತಾರೆ. ಅದು ಸಾಕು.

ಕನ್ನಡ ಮಾತಾಡುವ ಮಗುವಿಗೆ ಫ್ರೆಂಚ್ ಧ್ವನಿಗಳಲ್ಲಿ ಒಂದಷ್ಟು ಪುಕ್ಕಟೆಯಾಗಿ ಸಿಗುತ್ತವೆ. ಇದನ್ನು ಯಾರೂ ಹೇಳುವುದಿಲ್ಲ ನೋಡಿ. ಫ್ರೆಂಚ್‌ನ ಟಿ ಮತ್ತು ಡಿ ನಮ್ಮ ತ, ದ ಥರ, ನಾಲಿಗೆ ಹಲ್ಲಿಗೆ ತಾಗುತ್ತದೆ. ಇಂಗ್ಲಿಷ್‌ನ ‘ಟೇಬಲ್’ ಅವರಿಗೆ ‘ತಾಬ್ಲ್’. ಪ, ತ, ಕಗಳಲ್ಲಿ ಉಸಿರು ತಳ್ಳುವುದಿಲ್ಲ, ನಮ್ಮ ಅಲ್ಪಪ್ರಾಣದ ಹಾಗೇ. ಏ, ಓ ಎಳೆದು ತಿರುಚುವುದಿಲ್ಲ. ಇಂಗ್ಲಿಷ್ ಮಾತೃಭಾಷೆಯಾಗಿರುವ ಮಕ್ಕಳು ಇದನ್ನೆಲ್ಲ ಕಷ್ಟಪಟ್ಟು ಕಲಿಯಬೇಕು. ನಿಮ್ಮ ಮಗಳು ಇಂಗ್ಲಿಷ್ ಮರೆತು ಕನ್ನಡದ ಬಾಯಿಂದ ಹೇಳಿದರೆ ಸಾಕು.

ಹೊಸದಾಗಿ ಕಲಿಯಬೇಕಾದದ್ದು ಮುಖ್ಯವಾಗಿ ನಾಲ್ಕು. ‘ನೀನು’ ಎನ್ನುವ ಪದ ‘ತ್ಯು’ ಎಂದು ಬರೆದರೂ ಅದು ತ್ಯು ಅಲ್ಲ. ‘ಈ’ ಹೇಳುತ್ತಾ ಇರಿ, ನಾಲಿಗೆ ಅಲ್ಲಾಡಿಸದೆ ತುಟಿ ಮಾತ್ರ ‘ಊ’ ಹೇಳುವ ಹಾಗೆ ಮುಂದೆ ತನ್ನಿ. ಬಂದ ಧ್ವನಿ ಅದೇ. ಕನ್ನಡಿ ಮುಂದೆ ನಿಂತು ಮಾಡಿ, ಇಬ್ಬರೂ ಮೀನಿನ ಥರ ಕಾಣುತ್ತೀರಿ, ಮಕ್ಕಳಿಗೆ ಅದು ಬಹಳ ಇಷ್ಟ. ಎರಡನೆಯದು ಮೂಗಿನ ಸ್ವರ. ನಮ್ಮ ಸೊನ್ನೆ ‘ಅಂದ’ದಲ್ಲಿ ನ್ ಆಗುತ್ತದೆ, ‘ಅಂಬರ’ದಲ್ಲಿ ಮ್ ಆಗುತ್ತದೆ. ಅಂದರೆ ನಾಲಿಗೆಯೋ ತುಟಿಯೋ ಎಲ್ಲೋ ತಾಗುತ್ತದೆ. ಫ್ರೆಂಚ್‌ನ ‘ಬೋಂ’ನಲ್ಲಿ ಏನೂ ತಾಗಬಾರದು, ಬಾಯಿ ತೆರೆದೇ ಇರಬೇಕು, ಗಾಳಿ ಮೂಗಿನಲ್ಲೂ ಹೋಗಬೇಕು. ಮೂರನೆಯದು ‘ಬೋಂಝೂರ್’ನ ನಡುವಿನ ಝ. ಇದು ನಮ್ಮ ಝ ಅಲ್ಲ. ಗಂಟಲ ಮೇಲೆ ಕೈಯಿಟ್ಟು ‘ಶ್‌ಶ್‌ಶ್’ ಎನ್ನಿ, ಹಾಗೇ ಗಂಟಲು ಗುಂಯ್‌ಗುಡುವಂತೆ ಮಾಡಿ. ನಾಲ್ಕನೆಯದು ಗಂಟಲಿನ ‘ರ’. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನಾಲಿಗೆ ತುದಿಯ ರ ಹೇಳಿದರೂ ಫ್ರೆಂಚರಿಗೆ ಅರ್ಥವಾಗುತ್ತದೆ. ಕೇಳುತ್ತಾ ಕೇಳುತ್ತಾ ಅದು ತಾನೇ ಗಂಟಲಿಗೆ ಇಳಿಯುತ್ತದೆ.

ಸಂಧಿ ನೆನಪಿದೆಯಾ? ಊರು ಅಲ್ಲಿ ಸೇರಿ ಊರಲ್ಲಿ ಆಗುವಾಗ ಉ ಬಿಟ್ಟುಹೋಗುತ್ತದಲ್ಲ, ಲೋಪಸಂಧಿ. ಫ್ರೆಂಚ್‌ನಲ್ಲೂ ‘ಲ’ ಎಂಬ ಗುರುತುಪದ (ಇಂಗ್ಲಿಷ್‌ನ ‘ದ’ ಇದ್ದ ಹಾಗೆ) ‘ಆಮಿ’ ಜೊತೆ ಸೇರಿದರೆ ‘ಲಾಮಿ’. ಗೆಳೆಯ ಎಂದರ್ಥ. ಬಹುವಚನದಲ್ಲಿ ‘ಲೇ’ ಬರುತ್ತದೆ, ಅದರ ಕೊನೆಯ ಎಸ್ ಸುಮ್ಮನೆ ಮಲಗಿರುತ್ತದೆ. ಮುಂದೆ ಸ್ವರ ಬಂದ ಕೂಡಲೇ ಎದ್ದು ಕೂರುತ್ತದೆ: ‘ಲೇಜ಼ಾಮಿ’. ಮಕ್ಕಳಿಗೆ ನಾನು ಇದನ್ನು ಹೀಗೇ ಹೇಳುವುದು, ಮಲಗಿದ ಅಕ್ಷರವನ್ನು ಸ್ವರ ಬಂದು ಎಬ್ಬಿಸಿತು ಅಂತ. ಸಂಧಿ ಗೊತ್ತಿರುವ ನಮಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಇನ್ನು ದಿನಚರಿ. ದಿನಕ್ಕೆ 10 ನಿಮಿಷ. ಭಾನುವಾರ ಒಂದು ಗಂಟೆ ಕೂರಿಸುವುದಕ್ಕಿಂತ ಇದು ಎಷ್ಟೋ ಮೇಲು. ಬಿಡುವು ಕೊಟ್ಟು ಕೊಟ್ಟು ನೆನಪಿಸಿಕೊಂಡದ್ದು ಉಳಿಯುತ್ತದೆ, ಒಂದೇ ಸಲ ತುಂಬಿದ್ದು ಸೋರಿಹೋಗುತ್ತದೆ. ಇದನ್ನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಷ್ಟು ಹಿಂದೆಯೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು ತೋರಿಸಿದ್ದ. ಆ 10 ನಿಮಿಷವನ್ನೂ ಪಾಠದ ಹಾಗೆ ಇಡಬೇಡಿ. ದಿನವೂ ಹೇಗೂ ಆಗುವ ಕೆಲಸಕ್ಕೆ ಕಟ್ಟಿಬಿಡಿ. ಎದ್ದ ಕೂಡಲೇ ‘ಬೋಂಝೂರ್’. ಮಲಗುವಾಗ ‘ಬೋನ್ ನ್ವಿ’. ಬಾಗಿಲ ಹತ್ತಿರ ‘ಊವ್ರ್ ಲಾ ಪೋರ್ತ್’, ಬಾಗಿಲು ತೆಗಿ. ‘ಫೆರ್ಮ್ ಲಾ ಪೋರ್ತ್’, ಹಾಕು. ಏನಾದರೂ ಬೇಕಾದಾಗ ‘ದೋನ್ ಮ್ವಾ’, ನನಗೆ ಕೊಡು. ಇನ್ನೊಂದು ಸಲ ಬೇಕಾದರೆ ‘ಆಂಕೋರ್’. ಮೊದಲ ತಿಂಗಳು ಇಂಥ ಹತ್ತು ಮಾತು ಸಾಕು. ಅವೇ ಹತ್ತು, ದಿನವೂ.

ಆಜ್ಞೆಯ ಮಾತುಗಳನ್ನೇ ಯಾಕೆ ಹೇಳುತ್ತಿದ್ದೇನೆ ಎಂದರೆ, ಅವಕ್ಕೆ ಉತ್ತರ ಕೊಡಬೇಕಾಗಿಲ್ಲ, ಮಾಡಿ ತೋರಿಸಿದರೆ ಸಾಕು. ಜೇಮ್ಸ್ ಆಶರ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞ 1960ರ ದಶಕದಲ್ಲಿ ಇದನ್ನೇ ಒಂದು ಪಾಠಕ್ರಮವಾಗಿ ಬೆಳೆಸಿದರು. ಕೇಳು, ಮೈಯಿಂದ ಮಾಡು, ಮಾತು ತಾನೇ ಬರಲಿ. ಇದಕ್ಕೆ ಫ್ರೆಂಚ್ ಮಕ್ಕಳದೇ ಒಂದು ಆಟ ಇದೆ, ‘ಝಾಕ್ ಆ ದಿ’. ಝಾಕ್ ಹೇಳಿದ ಅಂತ. ‘ಝಾಕ್ ಆ ದಿ’ ಎಂದು ಸೇರಿಸಿ ಹೇಳಿದ ಆಜ್ಞೆ ಮಾತ್ರ ಪಾಲಿಸಬೇಕು. ಸೇರಿಸದೆ ಹೇಳಿದಾಗ ಮಾಡಿದವರು ಔಟ್. ಮೊದಲು ಅವಳೇ ಝಾಕ್ ಆಗಲಿ, ನೀವು ಔಟಾಗಿ. ಕೂರು, ಏಳು, ಮೂಗು ಮುಟ್ಟು, ಕುಣಿ, ನಿಲ್ಲು. ಇಪ್ಪತ್ತು ಕ್ರಿಯಾಪದ ಎಲ್ಲಿ ಬಂತು ಎಂದು ಗೊತ್ತೇ ಆಗುವುದಿಲ್ಲ. ಇಬ್ಬರ ನಡುವೆ ಏನಾದರೂ ತೀರ್ಮಾನ ಆಗಬೇಕಿದ್ದರೆ ‘ಪಿಯೆರ್, ಫೋಯ್, ಸಿಜ಼ೋ’ ಆಡಿ. ಕಲ್ಲು, ಹಾಳೆ, ಕತ್ತರಿ. ಇದರಲ್ಲಿ ಕೈಯೇ ಅರ್ಥ ಹೇಳುತ್ತದೆ, ಅನುವಾದ ಬೇಕಾಗಿಲ್ಲ.

ಮನೆಯ ಸಾಮಾನಿಗೆಲ್ಲ ಚೀಟಿ ಅಂಟಿಸಿ ಎಂದು ಬಹಳ ಜನ ಸಲಹೆ ಕೊಡುತ್ತಾರೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಒಂದು ವಾರ ಕಣ್ಣಿಗೆ ಬೀಳುತ್ತದೆ, ಆಮೇಲೆ ಗೋಡೆಯ ಬಣ್ಣದ ಹಾಗೆ ಕಾಣಿಸದೇ ಹೋಗುತ್ತದೆ. ಅಂಟಿಸಲೇಬೇಕು ಅನಿಸಿದರೆ ದಿನಕ್ಕೊಂದೇ ಚೀಟಿ ಇಡಿ. ಅದೂ ತಪ್ಪಾದ ವಸ್ತುವಿನ ಮೇಲೆ. ಕಿಟಕಿಯ ಚೀಟಿ ಕುರ್ಚಿಯ ಮೇಲೆ. ಅವಳು ಹುಡುಕಿ ಸರಿಮಾಡಲಿ.

ಚೀಟಿ ಬರೆದರೂ ಪಟ್ಟಿ ಬರೆದರೂ ಒಂದು ನಿಯಮ ಬಿಡಬೇಡಿ: ಹೆಸರುಪದವನ್ನು ಒಂಟಿಯಾಗಿ ಕಲಿಯಬಾರದು. ಫ್ರೆಂಚ್‌ನಲ್ಲಿ ಪ್ರತಿ ವಸ್ತುವೂ ಗಂಡೋ ಹೆಣ್ಣೋ ಆಗಿರಬೇಕು. ನಮ್ಮಲ್ಲಿ ಮನುಷ್ಯರು, ದೇವರು ಬಿಟ್ಟರೆ ಉಳಿದದ್ದೆಲ್ಲ ಅದು, ಇದು. ಅಲ್ಲಿ ಮೇಜು ಹೆಣ್ಣು, ಪುಸ್ತಕ ಗಂಡು. ಯಾಕೆ ಎಂದು ಮಗು ಕೇಳಿಯೇ ಕೇಳುತ್ತದೆ. ಸುಮ್ನೆ ಕಾರಣ ಹುಡುಕಬೇಡಿ. ಗಡ್ಡ ‘ಲಾ ಬಾರ್ಬ್’, ಹೆಣ್ಣು! ಮೀಸೆಯೂ ಹೆಣ್ಣು! ಜಿರಾಫೆ ಗಂಡಾದರೂ ಪದ ಹೆಣ್ಣೇ. ‘ಇವೆರಡು ತಂಡ ಅಷ್ಟೇ, ಪದಗಳು ಆ ತಂಡದವು ಕೆಲವು, ಈ ತಂಡದವು ಕೆಲವು’ ಎಂದರೆ ಎಂಟು ವರ್ಷದ ಮಗು ಒಪ್ಪಿಕೊಳ್ಳುತ್ತದೆ, ನಾವು ದೊಡ್ಡವರೇ ಒಪ್ಪುವುದಿಲ್ಲ. ಆದ್ದರಿಂದ ‘ತಾಬ್ಲ್’ ಎಂದು ಕಲಿಯದೆ ‘ಯೂನ್ ತಾಬ್ಲ್’, ಒಂದು ಮೇಜು, ಎಂದೇ ಕಲಿಯಲಿ. ‘ಯೂನ್’ ಬರುವುದು ಹೆಣ್ಣು ಪದದ ಜೊತೆ. ಎರಡು ಬಣ್ಣದ ಪೆನ್ಸಿಲ್ ಇಟ್ಟುಕೊಂಡು ಒಂದೊಂದು ತಂಡಕ್ಕೆ ಒಂದೊಂದು ಬಣ್ಣದಲ್ಲಿ ಬರೆಯಲಿ. ಅನುಮಾನ ಬಂದರೆ ಇಬ್ಬರೂ ನಿಘಂಟು ತೆಗೆಯಿರಿ. ಪದದ ಪಕ್ಕ ಎನ್-ಎಮ್ ಎಂದಿದ್ದರೆ ಗಂಡು, ಎನ್-ಎಫ್ ಎಂದಿದ್ದರೆ ಹೆಣ್ಣು. ಫ್ರೆಂಚ್ ಒಂದಕ್ಷರ ಬರದ ತಾಯಿಯೂ ಇಷ್ಟನ್ನು ನೋಡಿ ಹೇಳಬಹುದು.

ತಲೆ ಕಲಸಿಹೋಗುತ್ತದಾ ಎಂದು ಕೇಳಿದ್ದೀರಿ. ಕನ್ನಡ ಮತ್ತು ಫ್ರೆಂಚ್ ನಡುವೆ ಕಲಸುವುದಿಲ್ಲ. ಕಲಸುವುದು ಇಂಗ್ಲಿಷ್ ಮತ್ತು ಫ್ರೆಂಚ್ ನಡುವೆ, ಅದಕ್ಕೆ ಕಾರಣ ಲಿಪಿ ಒಂದೇ ಆಗಿರುವುದು. ಇಂಗ್ಲಿಷ್‌ನಲ್ಲಿ ‘ಚಾಟ್’ ಎಂದು ಓದುವ ನಾಲ್ಕಕ್ಷರ ಫ್ರೆಂಚ್‌ನಲ್ಲಿ ‘ಶಾ’, ಬೆಕ್ಕು. ನೋವು ಎಂಬ ‘ಪೇನ್’ ಅಲ್ಲಿ ‘ಪ್ಯಾಂ’, ಬ್ರೆಡ್. ‘ಮೇನ್’ ಅಲ್ಲಿ ‘ಮ್ಯಾಂ’, ಕೈ. ನಾಲ್ಕು ಎಂಬ ‘ಫೋರ್’ ಅಲ್ಲಿ ‘ಫೂರ್’, ಒಲೆ. ಇದನ್ನು ಅಡ್ಡಿ ಎಂದುಕೊಳ್ಳದೆ ಆಟ ಮಾಡಿಕೊಳ್ಳಿ. ಒಂದು ಪುಟ್ಟ ಪುಸ್ತಕದಲ್ಲಿ ‘ವೇಷ ಹಾಕಿದ ಪದಗಳು’ ಎಂದು ಬರೆಸಿ, ಸಿಕ್ಕಿದಾಗೆಲ್ಲ ಸೇರಿಸುತ್ತಾ ಹೋಗಲಿ.

ಕನ್ನಡ ಎಷ್ಟು ಗಟ್ಟಿಯೋ ಅಷ್ಟು ಒಳ್ಳೆಯದು. ಕೆಲವು ಕಡೆ ಫ್ರೆಂಚನ್ನು ಇಂಗ್ಲಿಷ್ ಮೂಲಕ ಹೇಳಿಕೊಡುವುದಕ್ಕಿಂತ ಕನ್ನಡದ ಮೂಲಕ ಹೇಳಿಕೊಡುವುದೇ ಸುಲಭ. ನಾವು ‘ನನಗೆ ಎಂಟು ವರ್ಷ’ ಎನ್ನುತ್ತೇವೆ. ಇಂಗ್ಲಿಷ್‌ನವರು ನಾನು ಎಂಟು ಎನ್ನುತ್ತಾರೆ. ಫ್ರೆಂಚರು ‘ಝೆ ವಿತಾಂ’ ಎನ್ನುತ್ತಾರೆ, ನನ್ನ ಬಳಿ ಎಂಟು ವರ್ಷ ಇದೆ ಎಂದ ಹಾಗೆ. ಹಸಿವೆ, ಚಳಿ, ನಿದ್ದೆ ಎಲ್ಲಕ್ಕೂ ಅದೇ ‘ಝೆ’: ‘ಝೆ ಫ್ಯಾಂ’, ‘ಝೆ ಫ್ರ್ವಾ’, ‘ಝೆ ಸೊಮೇಯ್’. ನಮಗೂ ಹಸಿವು, ನಿದ್ದೆ ನಾವಲ್ಲ, ನಮಗೆ ಬರುವಂಥವು. ಇಂಗ್ಲಿಷ್ ನೆನೆಸಿಕೊಂಡ ಮಗು ಇಲ್ಲಿ ತಪ್ಪುತ್ತದೆ, ಕನ್ನಡ ನೆನೆಸಿಕೊಂಡ ಮಗು ತಪ್ಪುವುದು ಕಡಿಮೆ. ‘ತ್ಯು’ ಮತ್ತು ‘ವೂ’ ಕೂಡ ಹಾಗೇ. ನೀನು, ನೀವು. ಟೀಚರ್‌ಗೆ ‘ವೂ’ ಅನ್ನಬೇಕು ಎಂದು ಕನ್ನಡದ ಮಗುವಿಗೆ ಎರಡನೇ ಸಲ ಹೇಳಬೇಕಾಗಿಲ್ಲ.

ವಾರಗಳ ಹೆಸರಂತೂ ನನಗೆ ತುಂಬ ಇಷ್ಟದ ಪಾಠ. ‘ಲಂದಿ’ಯಲ್ಲಿರುವುದು ‘ಲ್ಯೂನ್’, ಅಂದರೆ ಚಂದ್ರ. ನಮ್ಮ ಸೋಮವಾರ. ‘ಮಾರ್ದಿ’ ಮಂಗಳ ಗ್ರಹದ ದಿನ, ‘ಮೆರ್ಕ್ರೆದಿ’ ಬುಧನದು, ‘ಝೋದಿ’ ಗುರುವಿನದು, ‘ವಾಂದ್ರೆದಿ’ ಶುಕ್ರನದು. ಐದಕ್ಕೆ ಐದೂ ಹೊಂದುತ್ತವೆ! ಕೊನೆಯ ‘ದಿ’ ನಮ್ಮ ‘ವಾರ’ ಇದ್ದ ಹಾಗೆ. ‘ಸಾಮ್‌ದಿ’ ಮತ್ತು ‘ದಿಮಾಂಶ್’ ಮಾತ್ರ ಬೇರೆ ದಾರಿ ಹಿಡಿದಿವೆ. ಒಂದು ಸಬ್ಬತ್, ಅಂದರೆ ಯೆಹೂದಿಗಳ ವಿಶ್ರಾಂತಿಯ ದಿನ, ಇನ್ನೊಂದು ಪ್ರಭುವಿನ ದಿನ. ಗ್ರಹಗಳ ಚಿತ್ರ ಬರೆದು ಎರಡು ಭಾಷೆಯ ಹೆಸರನ್ನೂ ಪಕ್ಕ ಪಕ್ಕ ಬರೆಯಲಿ. ಒಂದೇ ಸಂಜೆಯಲ್ಲಿ ಮುಗಿಯುತ್ತದೆ, ಮರೆಯುವುದಿಲ್ಲ.

ಅಂಕಿಗಳು ಅಷ್ಟು ಸುಲಭವಾಗಿ ಬಿಡುವುದಿಲ್ಲ. 69ರವರೆಗೆ ಸರಾಗ. ನಮ್ಮಲ್ಲಿ ಎಪ್ಪತ್ತು ಎಂದರೆ ಏಳು ಹತ್ತು, ಎಂಬತ್ತು ಎಂದರೆ ಎಂಟು ಹತ್ತು. ಫ್ರೆಂಚ್‌ನಲ್ಲಿ 70 ಎಂದರೆ ‘ಸ್ವಾಸಾಂತ್ ದೀಸ್’, ಅರವತ್ತು ಹತ್ತು. 80 ಎಂದರೆ ‘ಕಾತ್ರ್ ವ್ಯಾಂ’, ನಾಲ್ಕು ಇಪ್ಪತ್ತು. 99ಕ್ಕೆ ನಾಲ್ಕು ಇಪ್ಪತ್ತು ಹತ್ತೊಂಬತ್ತು ಎನ್ನಬೇಕು. ಇಪ್ಪತ್ತಿಪ್ಪತ್ತಾಗಿ ಎಣಿಸುತ್ತಿದ್ದ ಹಳೇ ಕ್ರಮ ಉಳಿದುಕೊಂಡಿರುವುದು ಇದು. ಪ್ಯಾರಿಸ್‌ನಲ್ಲಿ 13ನೇ ಶತಮಾನದಲ್ಲಿ ರಾಜ ಒಂಬತ್ತನೇ ಲೂಯಿ 300 ಅಂಧರಿಗೆಂದು ಸ್ಥಾಪಿಸಿದ ಆಸ್ಪತ್ರೆಯ ಹೆಸರೇ ‘ಹದಿನೈದು ಇಪ್ಪತ್ತು’, ಇವತ್ತಿಗೂ ಅದೇ ಹೆಸರಿದೆ. ಬೆಲ್ಜಿಯಂ, ಸ್ವಿಟ್ಜರ್ಲೆಂಡ್‌ನಲ್ಲಿ ಫ್ರೆಂಚ್ ಮಾತಾಡುವವರು ಬುದ್ಧಿವಂತರು, 70ಕ್ಕೆ ‘ಸೆಪ್ತಾಂತ್’, 90ಕ್ಕೆ ‘ನೊನಾಂತ್’ ಎಂದುಬಿಡುತ್ತಾರೆ. ಶಾಲೆಯಲ್ಲಿ ಫ್ರಾನ್ಸ್‌ನ ಕ್ರಮವೇ ಇರುವುದರಿಂದ ಮಗು ಅದನ್ನೇ ಕಲಿಯಲಿ. ಬಾಯಿಪಾಠ ಬೇಡ. ಇಪ್ಪತ್ತು ಇಪ್ಪತ್ತು ಗುಂಡಿಗಳ ನಾಲ್ಕು ಗುಡ್ಡೆ ಹಾಕಿ ಎಣಿಸಲಿ. ಲೆಕ್ಕವೂ ಆಯಿತು, ಫ್ರೆಂಚೂ ಆಯಿತು. ಆಮೇಲೆ ದಾಳ ಉರುಳಿಸಿ ಬಂದದ್ದನ್ನು ಕೂಡಿಸುತ್ತಾ ನೂರರವರೆಗೆ ಓಟ ಆಡಿ.

ಬರವಣಿಗೆಗೆ ಬರೋಣ. ಇಲ್ಲಿ ಮಕ್ಕಳು ಎಡವುವುದು ಕ್ರಿಯಾಪದದ ಕೊನೆಯಲ್ಲಿ. ಮಾತಾಡುತ್ತೇನೆ, ಮಾತಾಡುತ್ತೀಯ, ಮಾತಾಡುತ್ತಾನೆ, ಮಾತಾಡುತ್ತಾರೆ. ನಮ್ಮಲ್ಲಿ ಬಾಲ ಕೇಳಿದರೆ ಯಾರು ಎಂದು ಗೊತ್ತಾಗುತ್ತದೆ, ಅದಕ್ಕೇ ‘ನಾನು’, ‘ನೀನು’ ಬಿಟ್ಟರೂ ನಡೆಯುತ್ತದೆ. ಫ್ರೆಂಚ್‌ನಲ್ಲಿ ಈ ನಾಲ್ಕೂ ಕಿವಿಗೆ ‘ಪಾರ್ಲ್’, ಒಂದೇ. ಬರೆಯುವಾಗ ಮಾತ್ರ ಬಾಲ ಬೇರೆ ಬೇರೆ. ಆದ್ದರಿಂದ ಕ್ರಿಯಾಪದಕ್ಕೆ ಮೊದಲು ಬರುವ ‘ಝ’, ‘ತ್ಯು’, ‘ಈಲ್’ (ನಾನು, ನೀನು, ಅವನು) ಎಂಬ ಪದವನ್ನು ಬಿಡಲೇಬಾರದು. ಕನ್ನಡದ ಮಕ್ಕಳು ಅಭ್ಯಾಸಬಲದಿಂದ ಅದನ್ನು ನುಂಗಿಬಿಡುತ್ತಾರೆ. ಮಾತಿನಲ್ಲಿ ಇದೊಂದನ್ನು ಗಮನಿಸಿ. ಸ್ಪೆಲಿಂಗ್‌ಗೆ ಫ್ರಾನ್ಸ್‌ನ ಶಾಲೆಗಳಲ್ಲಿ ‘ದಿಕ್ತೇ’, ಅಂದರೆ ಉಕ್ತಲೇಖನ, ಹಳೆಯ ಸಂಪ್ರದಾಯ. ಚಿಕ್ಕವರಿಗೆ ಅದರ ಹಗುರ ರೂಪ ಸಾಕು. ಒಂದು ವಾಕ್ಯ ತೋರಿಸಿ, ಅವಳು ಎಷ್ಟು ಹೊತ್ತು ಬೇಕಾದರೂ ನೋಡಲಿ. ಮುಚ್ಚಿ. ಬರೆಯಲಿ. ತೆರೆದು ಅವಳೇ ತಾಳೆ ನೋಡಲಿ. ಕೆಂಪು ಪೆನ್ನು ನಿಮ್ಮ ಕೈಯಲ್ಲಿ ಬೇಡ. ಅಕ್ಷರದ ಮೇಲೆ, ಕೆಳಗೆ ಬರುವ ಗುರುತುಗಳು ಅಲಂಕಾರವಲ್ಲ, ನಮ್ಮ ಕೊಂಬು, ದೀರ್ಘದ ಹಾಗೆ ಎಂದು ಹೇಳಿ. ಒಂದು ಪುಸ್ತಕದಲ್ಲಿ ಅಕ್ಷರದ ಮೇಲೆ ಟೋಪಿಯಂಥ ಗುರುತು ಇರುವ ಪದ ಇನ್ನೊಂದರಲ್ಲಿ ಟೋಪಿ ಇಲ್ಲದೆ ಕಂಡರೆ ಗಾಬರಿಯಾಗಬೇಡಿ. 1990ರಲ್ಲಿ ಫ್ರೆಂಚ್ ಕಾಗುಣಿತವನ್ನು ಸ್ವಲ್ಪ ಸರಳ ಮಾಡಿದರು, ಅಂಥ ಪದಗಳಲ್ಲಿ ಹಳೆಯದೂ ಹೊಸದೂ ಎರಡೂ ಸರಿ.

ಅವಳು ಬಾಯಿ ಬಿಡುತ್ತಿಲ್ಲ ಎಂಬುದು ನಿಮ್ಮ ಮುಖ್ಯ ಚಿಂತೆ. ಹೊಸ ಭಾಷೆಗೆ ಬಂದ ಮಕ್ಕಳಲ್ಲಿ ಕೆಲವರು ವಾರಗಟ್ಟಲೆ, ತಿಂಗಳುಗಟ್ಟಲೆ ಸುಮ್ಮನೆ ಕೇಳುತ್ತಾರೆ. ಅವಳು ಕನ್ನಡ ಕಲಿಯುವಾಗಲೂ ಮೊದಲ ಮಾತಿಗೆ ಮುಂಚೆ ಒಂದು ವರ್ಷ ಕೇಳುತ್ತಲೇ ಇದ್ದಳು, ಅಲ್ವಾ? ‘ಬಾಗಿಲು ಹಾಕು’ ಎಂದು ಫ್ರೆಂಚ್‌ನಲ್ಲಿ ಹೇಳಿದಾಗ ಹಾಕಿ ಬಂದರೆ ಕಲಿಕೆ ನಡೆಯುತ್ತಿದೆ ಎಂದೇ ಅರ್ಥ. ಮನೆಗೆ ಯಾರಾದರೂ ಬಂದಾಗ ‘ಫ್ರೆಂಚ್‌ನಲ್ಲಿ ಏನಾದ್ರೂ ಹೇಳು ಪುಟ್ಟಾ’ ಎನ್ನುವುದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಎಷ್ಟೋ ಮಕ್ಕಳ ಬಾಯಿಗೆ ಬೀಗ ಬಿದ್ದದ್ದು ಅಲ್ಲೇ. ನಾಚಿಕೆ ಸ್ವಭಾವದ ಮಗುವಾದರೆ ಕೈಗೊಂಬೆ ಕೊಡಿ. ಆ ಗೊಂಬೆಗೆ ಫ್ರೆಂಚ್ ಬಿಟ್ಟು ಬೇರೇನೂ ಬರುವುದಿಲ್ಲ ಎಂದು ಇಬ್ಬರೂ ಒಪ್ಪಂದ ಮಾಡಿಕೊಳ್ಳಿ. ತಪ್ಪಾದರೆ ಗೊಂಬೆಯ ತಪ್ಪು, ಅವಳದಲ್ಲ.

ತಪ್ಪು ತಿದ್ದುವುದಕ್ಕೂ ಒಂದು ರೀತಿ ಇದೆ. ‘ತಪ್ಪು’ ಎನ್ನಬೇಡಿ. ಸರಿ ರೂಪ ನಿಮಗೆ ಗೊತ್ತಿದ್ದರೆ ಉತ್ತರ ಕೊಡುವ ನೆಪದಲ್ಲಿ ಅದನ್ನು ಹೇಳಿ ಮುಂದೆ ಹೋಗಿ. ಗೊತ್ತಿಲ್ಲದಿದ್ದರೆ ಬಿಟ್ಟುಬಿಡಿ, ನಾಳೆ ಶಾಲೆಯಲ್ಲಿ ಸರಿಹೋಗುತ್ತದೆ.

ಮೊಬೈಲ್ ಆ್ಯಪ್‌ಗಳ ಬಗ್ಗೆ ನೀವು ಕೇಳಲಿಲ್ಲ, ಆದರೆ ಎಲ್ಲರೂ ಕೇಳುತ್ತಾರೆ. ಡ್ಯುಯೊಲಿಂಗೊ ಥರದವು ಪದ ನೆನಪಿಡಲು ಪರವಾಗಿಲ್ಲ, ಮಾತಾಡಿಸಲು ಸಾಲದು. ಪಕ್ಕದಲ್ಲಿ ನೀವು ಕೂತು ‘ಈಗ ಏನಂದ?’ ಎಂದು ಕೇಳುತ್ತಿದ್ದರೆ ಉಪಯೋಗ. ಅವಳಿಗೆ ಈಗಾಗಲೇ ಕಥೆ ಗೊತ್ತಿರುವ ಕಾರ್ಟೂನ್ ಇದ್ದರೆ ಧ್ವನಿಯನ್ನು ಫ್ರೆಂಚ್‌ಗೆ ಬದಲಾಯಿಸಿ ನೋಡಲಿ, ಕೆಳಗೆ ಬರುವ ಅಕ್ಷರದ ಸಾಲು (ಸಬ್‌ಟೈಟಲ್) ಆಫ್ ಮಾಡಿ. ಹೊಸ ಕಾರ್ಟೂನ್ ಬೇಡ, ಕಥೆ ತಿಳಿಯದೆ ಬೇಸರವಾಗುತ್ತದೆ. ಫ್ರೆಂಚ್ ಮಕ್ಕಳ ಪ್ರಾಸದ ಪದ್ಯಗಳಿಗೆ ‘ಕೋಂತೀನ್’ ಎನ್ನುತ್ತಾರೆ. ಅವು ಹುಡುಕಿದರೆ ಬೇಕಾದಷ್ಟು ಸಿಗುತ್ತವೆ. ಒಂದನ್ನೇ ಎರಡು ವಾರ ಹಾಡಿ. ನಿಮಗೇ ಸ್ವಲ್ಪ ಕಲಿಯುವ ಆಸೆ ಬಂದರೆ ಟಿವಿ5ಮೊಂದ್ ಎಂಬ ಫ್ರೆಂಚ್ ಟಿವಿ ವಾಹಿನಿಯ ಫ್ರೆಂಚ್ ಕಲಿಕೆಯ ತಾಣ ಉಚಿತ. ಅದು ದೊಡ್ಡವರಿಗೆ ಹೊಂದುತ್ತದೆ, ಮಗುವಿನ ಮುಂದೆ ಇಡಬೇಡಿ. ಅನುವಾದದ ಆ್ಯಪ್‌ನಲ್ಲಿ ಹೋಮ್‌ವರ್ಕ್ ಮಾಡಿಸುವುದು ಬೇಡ. ಟೀಚರ್‌ಗೆ ಒಂದೇ ಸಾಲಿನಲ್ಲಿ ಗೊತ್ತಾಗುತ್ತದೆ.

ಪರೀಕ್ಷೆಯ ಬಗ್ಗೆ ಯಾರಾದರೂ ಹೇಳಿಯಾರು. ಪ್ರಾಥಮಿಕ ಶಾಲೆಯ ಮಕ್ಕಳಿಗೆಂದೇ ‘ಡೆಲ್ಫ್ ಪ್ರಿಮ್’ ಎಂಬ ಪ್ರಮಾಣಪತ್ರ ಇದೆ, ಫ್ರಾನ್ಸ್‌ನ ಶಿಕ್ಷಣ ಇಲಾಖೆಯದು. ಎ1.1, ಎ1, ಎ2 ಎಂದು ಮೂರು ಹಂತ. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು, ಒಂದೊಂದಕ್ಕೆ 25 ಅಂಕ. ಮಗುವಿಗೆ ಖುಷಿಯಿದ್ದರೆ ಮುಂದೊಂದು ದಿನ ಬರೆಯಲಿ. ಅದರಲ್ಲಿ ಬರೆಯುವುದು ನಾಲ್ಕರಲ್ಲಿ ಒಂದು ಪಾಲು ಮಾತ್ರ ಎಂಬುದನ್ನು ಗಮನಿಸಿ. ಈಗ ಮೊದಲ ವರ್ಷ, ಅದರ ಮಾತೇ ಬೇಡ.

ಟ್ಯೂಷನ್? ಸದ್ಯಕ್ಕೆ ಬೇಡ. ಎರಡು ಮೂರು ತಿಂಗಳು ಹೀಗೆ ಆಡಿಕೊಂಡು ನೋಡಿ. ಆಮೇಲೂ ಬೇಕು ಅನಿಸಿದರೆ ಮೊದಲ ದಿನ ಬಾಗಿಲಾಚೆ ಕೂತು ಕಿವಿಗೊಡಿ. ಅರ್ಧ ಗಂಟೆಯಲ್ಲಿ ನಿಮ್ಮ ಮಗಳ ಧ್ವನಿ ಮೇಷ್ಟ್ರ ಧ್ವನಿಯಷ್ಟೇ ಕೇಳಿಸಿದರೆ ಸೇರಿಸಿ. ಬರೀ ಪೆನ್ಸಿಲ್ ಸದ್ದು ಕೇಳಿಸಿದರೆ ಮನೆಗೆ ಕರೆದುಕೊಂಡು ಬನ್ನಿ.